ಅಣ್ಣನ ಉಂಗುರದ ಅಕ್ಷರಗಳು

ನನಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದು ಒಂದು ಮಧ್ಯಾಹ್ನವೆಲ್ಲ ನನಗೇ ತಿಳಿಯದೆ ಹೋಯಿತು.

ಜೆರುಸಲೇಮಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಜೆಖರ್ಯಾ ಎಂಬ ಯೆಮೆನಿನ ಅಕ್ಕಸಾಲಿಯ ಅಂಗಡಿಯಿತ್ತು. ನನ್ನ ಅಣ್ಣ ತನ್ನ ಹುಡುಗಿಗೆಂದು ಅಲ್ಲಿ ಅಕ್ಷರ ಕೊರೆದ ಬೆಳ್ಳಿಯ ಉಂಗುರ ಮಾಡಿಸಿ, ಹಣವನ್ನೂ ಕೊಟ್ಟು ಬಂದಿದ್ದ.

"ಪೆನಿನಾ, ಅವಳ ಬೆರಳೂ ನಿನ್ನ ಬೆರಳೂ ಒಂದೇ ಅಳತೆ. ಹೋಗಿ ಹಾಕಿ ನೋಡಿ, ತಗೊಂಡು ಬಾ" ಎಂದು ನನ್ನನ್ನು ಕಳಿಸಿದ.

ಆ ಅಂಗಡಿಗೆ ನಾನು ಮೊದಲೂ ಹೋಗಿದ್ದೆ, ಗಟ್ಟಿಯಾಗಿಯೇ ಇದ್ದ ಸರದ ಕೊಂಡಿ ಬಿಗಿ ಮಾಡಿಸಲು. ಓಣಿಯ ತಿರುವಿನಲ್ಲಿ ಎಂದಿನಂತೆ ಕನ್ನಡಕ ತೆಗೆದು ಚೀಲಕ್ಕೆ ಹಾಕಿದೆ. ಅದಿಲ್ಲದೆ ಅವನ ಮುಖ ನನಗೆ ಮಸುಕು ಮಸುಕು. ಆದರೆ ನನ್ನ ಕಣ್ಣು ಅವನಿಗೆ ಕಾಣಬೇಕಲ್ಲ!

ಒಳಗೆ ಓಣಿಯ ಮುದುಕರಾದ ಹಾರೂನ್ ತಾತ, ಸಾಲೆಮ್ ತಾತ ಇಬ್ಬರೂ ಪ್ರಾರ್ಥನೆಯ ಹೊತ್ತಿಗೆ ಕಾಯುತ್ತ, ಪುದೀನ ಹಾಕಿದ ಚಹಾ ಕುಡಿಯುತ್ತ ಕೂತಿದ್ದರು. ಜೆಖರ್ಯಾ ತೋರಿಸಿದ ಉಂಗುರದ ಸುತ್ತ ಅಕ್ಷರಗಳು ಇರುವೆ ಸಾಲಿನಂತೆ ಹರಿದಿದ್ದವು.

"ಏನು ಬರೆದಿದೆ?" ಎಂದೆ.

"ಯಾಕೆ, ಓದೋಕೆ ಬರಲ್ವಾ?"

"ಇಷ್ಟು ಸಣ್ಣಗೆ ಕೊರೆದರೆ ಯಾರಿಗೆ ಬರುತ್ತೆ? ನಿಮ್ಮ ಕೆಲಸಾನೇ ಸರಿಯಿಲ್ಲ."

ಜೆಖರ್ಯಾ ನಕ್ಕ. ಕೈ ತಾಗದಂತೆ ನನ್ನ ಬೆರಳಿಗೆ ಉಂಗುರ ಏರಿಸುತ್ತ ಓದಿದ: "ಇಗೋ, ಈ ಉಂಗುರದಿಂದ, ಮೋಶೆಯ ಮತ್ತು ಇಸ್ರಾಯೇಲಿನ ಧರ್ಮದಂತೆ, ನೀನು ನನಗೆ ಮೀಸಲಾದವಳು."

ಮದುವೆಯ ಚಪ್ಪರದಲ್ಲಿ ಗಂಡು ಹೇಳುವ ಮಾತು. ನಾನು ಉಂಗುರ ತೆಗೆದು ಅವನಿಗೆ ಕೊಟ್ಟೆ. "ಸ್ವಲ್ಪ ಬಿಗಿ ಅನ್ನಿಸ್ತು. ಇನ್ನೊಮ್ಮೆ ಹಾಕಿ. ಇನ್ನೊಮ್ಮೆ ಓದಿ."

ಅವನು ಇನ್ನೊಮ್ಮೆ ಹಾಕಿದ, ಇನ್ನೊಮ್ಮೆ ಹೇಳಿದ, ಮೊದಲಿಗಿಂತ ನಿಧಾನವಾಗಿ.

ಚಹಾದ ಲೋಟ ಕೆಳಗಿಟ್ಟ ಸದ್ದಾಯಿತು. "ಸಾಲೆಮ್, ಕೇಳಿದೆಯಾ?" ಎಂದರು ಹಾರೂನ್ ತಾತ.

"ಕೇಳಿದೆ. ಕಣ್ಣಾರೆ ನೋಡಿದೆ ಕೂಡ."

"ಹಾಗಾದರೆ ನಾವಿಬ್ಬರು ಸಾಕ್ಷಿ. ಅವನು ಉಂಗುರ ಕೊಟ್ಟು ಮಾತು ಹೇಳಿದ, ಇವಳು ತಗೊಂಡಳು. ಮುಗೀತಲ್ಲ, ಮದುವೆ!"

"ಊಟ ಯಾವಾಗ?"

"ಮುಚ್ಚೋ ಬಾಯಿ! ಧರ್ಮದ ವಿಷಯ ಇದು."

ಜೆಖರ್ಯಾ ಬಿಳಿಚಿಕೊಂಡ. "ತಾತ, ನಾನು ಬರೆದಿದ್ದನ್ನ ಓದಿದ್ದು."

"ರಬ್ಬಿಗೆ ಒಂದು ಚೂರು ಅನುಮಾನ ಬಂದರೂ ವಿಚ್ಛೇದನ ಕೊಡಿಸ್ತಾರೆ ಮಗಾ. ಆಮೇಲೆ ಇವಳು ಗಂಡ ಬಿಟ್ಟವಳು. ನೀನು ಪುರೋಹಿತರ ವಂಶ, ಬಿಟ್ಟವಳನ್ನ ಕಟ್ಟಿಕೊಳ್ಳೋ ಹಾಗಿಲ್ಲ. ನೀನೇ ಬಿಟ್ಟವಳನ್ನೂ!"

ಅಲ್ಲಿಯವರೆಗೆ ನಗು ತಡೆದುಕೊಂಡಿದ್ದ ನಾನು ಉಂಗುರವನ್ನು ಬೆರಳಿನಿಂದ ಎಳೆದು ತೆಗೆದೆ. ಯಾವ ಮದುವೆಗಾಗಿ ದೇವರನ್ನು ಬೇಡುತ್ತಿದ್ದೆನೋ, ಅದು ನಡೆಯುವ ಮೊದಲೇ ಮುರಿದು, ಇನ್ನೆಂದೂ ಆಗದ ಹಾಗಾಗುವುದರಲ್ಲಿತ್ತು.

ನಾಲ್ವರೂ ನಮ್ಮ ಧರ್ಮಗುರು ರಬ್ಬಿಯ ಮನೆಗೆ ಓಡಿದೆವು. ಅವರು ಹೆಂಡತಿಗೆ ಹುರುಳಿಕಾಯಿ ಸೋಸಿಕೊಡುತ್ತಿದ್ದರು. ತಾತಂದಿರಿಬ್ಬರೂ ಒಟ್ಟಿಗೇ ಹೇಳಿದ ಕಥೆಯನ್ನು ಕೇಳಿ, "ಆ ಮಾತು ಹೇಳುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತಪ್ಪ?" ಎಂದು ಜೆಖರ್ಯಾನನ್ನು ಕೇಳಿದರು.

ಏನೂ ಇರಲಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಅವನಿಗೆ ಸುಳ್ಳು ಬಾರದು.

"ಮೊದಲ ಸಲ ಓದಿದೆ, ಗುರುಗಳೇ."

"ಎರಡನೇ ಸಲ?"

"ಓದಲಿಲ್ಲ." ಅವನು ಟೋಪಿ ಸರಿಮಾಡಿಕೊಂಡ. "ಹೇಳಿದೆ."

ರಬ್ಬಿಯ ಕೈಯಲ್ಲಿ ಹುರುಳಿಕಾಯಿ ಹಾಗೇ ನಿಂತಿತು. "ನೀನೇನಮ್ಮ? ಉಂಗುರ ನಿಜವಾಗಿ ಬಿಗಿಯಾಗಿತ್ತಾ?"

"ಇಲ್ಲ. ಸರಿಯಾಗೇ ಇತ್ತು."

"ಇಬ್ಬರೂ ಸೇರಿ ಕೆಡಿಸಿದರು!" ಹಾರೂನ್ ತಾತ ಹಣೆ ಚಚ್ಚಿಕೊಂಡರು.

ರಬ್ಬಿ ಬಹಳ ಹೊತ್ತು ಗಡ್ಡ ನೀವಿದರು. "ಉಂಗುರ ಯಾರದು?"

"ನಮ್ಮಣ್ಣನದು. ಹಣ ಕೊಟ್ಟಾಗಿದೆ."

"ಅಯ್ಯೋ ಪುಣ್ಯಾತ್ಗಿತ್ತಿ, ಮೊದಲೇ ಹೇಳಬಾರದಾ! ಗಂಡು ತನ್ನ ಸ್ವಂತ ಉಂಗುರ ಕೊಡಬೇಕು. ಇನ್ನೊಬ್ಬರದನ್ನ ಕೊಟ್ಟರೆ ಮದುವೆಯೂ ಇಲ್ಲ, ವಿಚ್ಛೇದನವೂ ಬೇಡ. ಏನೂ ಆಗಿಲ್ಲ. ಹೊರಡಿ."

ನಾವಿಬ್ಬರೂ ಹೊರಡಲಿಲ್ಲ.

"ಮತ್ತೇನು?"

"ನನ್ನ ಹತ್ತಿರ ಬೆಳ್ಳಿ ಇದೆ, ಗುರುಗಳೇ," ಎಂದ ಜೆಖರ್ಯಾ. "ನನ್ನದೇ."

"ನನಗ್ಯಾಕೆ ಹೇಳ್ತೀಯ? ಅವಳಿಗೆ ಹೇಳು. ಅಕ್ಷರಗಿಕ್ಷರ ಕೊರೀಬೇಡ, ಸಾದಾ ಇರಲಿ. ಸಾಕ್ಷಿಗೆ ಈ ಮುದುಕರಿದ್ದಾರೆ, ಅವರಿಗೇನು ಬೇರೆ ಕೆಲಸವಾ?"

ನಾನು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಅವನ ಮುಖ ಮೊದಲ ಸಲ ಸರಿಯಾಗಿ ಕಂಡಿತು. ಕಿವಿಯವರೆಗೂ ಕೆಂಪಾಗಿತ್ತು.

"ಕನ್ನಡಕ ಇದೆಯಾ ನಿಮಗೆ?"

"ಇದೆ. ಬೇಡ ಅನ್ನೋದಾದರೆ ಈಗಲೇ ಹೇಳಿ."

"ಬೇಕು," ಎಂದ. ಆಮೇಲೆ, "ಎರಡೂ ಬೇಕು," ಎಂದ.

ಅವನು ಮಾಡಿದ ಉಂಗುರದಲ್ಲಿ ಓದಲು ಒಂದು ಅಕ್ಷರವೂ ಇಲ್ಲ. ಆದರೂ ಪ್ರತಿ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ನಾನು ಬೆರಳು ಚಾಚಿ, "ಇನ್ನೊಮ್ಮೆ ಓದು" ಎನ್ನುತ್ತಿದ್ದೆ. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ, ಹುಡುಕಿ ಹುಡುಕಿ ಓದುತ್ತಿದ್ದ.

ಕಳೆದ ಚಳಿಗಾಲದಲ್ಲಿ ದೇವರು ಅವನನ್ನು ಕರೆದುಕೊಂಡ. ದೇವರ ನ್ಯಾಯ ಸತ್ಯವಾದದ್ದು. ಈಗ ದೀಪ ಹಚ್ಚಿ ನಾನೇ ಓದುತ್ತೇನೆ. ಕನ್ನಡಕ ಬೇಕಾಗುವುದಿಲ್ಲ.