ಮೇಜಿನ ಮೇಲೆ ಬಿಟ್ಟ ಕತ್ತಿ

ನವೆಂಬರ್ ಹನ್ನೆರಡು, ಮಂಗಳವಾರ. ಮಧ್ಯಾಹ್ನ ಎರಡೂವರೆಗೆ ದೋಣಿಗಲ್‌ನ ಗೊಬ್ಬರದಂಗಡಿ ದೇವೇಂದ್ರ ಠಾಣೆಗೆ ಬಂದು ದೂರು ಕೊಟ್ಟ. ಬಾಗಿಲೆಳೆದುಕೊಂಡು ಊಟಕ್ಕೆ ಹೋಗಿದ್ದಾಗ ಅಂಗಡಿಯ ಲ್ಯಾಪ್‌ಟಾಪ್ ಕಳುವಾಗಿತ್ತು. ಅದಿದ್ದ ಜಾಗದಲ್ಲಿ ಒಂದು ಕತ್ತಿ ಇತ್ತು.

“ಬೆದರಿಕೆಯಾ?” ಪಿಎಸ್‌ಐ ನವ್ಯಶ್ರೀ ಕೇಳಿದಳು.

“ಏನೋ ಮೇಡಂ. ನಾನಂತೂ ಮುಟ್ಟಿಲ್ಲ.”

ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ನಾಲ್ಕು ಗಂಟೆಗೆ ಅಂಗಡಿಯಲ್ಲಿ ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೆಬಲ್ ಚಲುವಯ್ಯ ಆಲೂರು ಕಡೆಯವನು, ಮನೆಯಲ್ಲಿ ಅಷ್ಟಿಷ್ಟು ಮೆಣಸಿನ ಬಳ್ಳಿ ಇದ್ದವನು. ಬಟ್ಟೆಯಲ್ಲಿ ಹಿಡಿದು ಕತ್ತಿ ಎತ್ತಿದ.

“ತುದಿ ಕೆಂಪಗೈತೆ ಮೇಡಂ.”

“ರಕ್ತನಾ?”

“ತಾಮ್ರ. ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಹೊಡೀತೀವಲ್ಲ, ಹೊಡೆಯೋಕೆ ಮುಂಚೆ ಕತ್ತಿ ಅದ್ದಿ ನೋಡ್ತೀವಿ. ಕೆಂಪಾದ್ರೆ ಸುಣ್ಣ ಸಾಲದು ಅಂತ. ಹಂಗೇ ಹೊಡೆದ್ರೆ ಎಲೆ ಸುಟ್ಟು ಬಳ್ಳಿ ಹೋಗ್ಬುಡ್ತವೆ.”

“ಲ್ಯಾಪ್‌ಟಾಪ್‌ನಲ್ಲಿ ಏನಿತ್ತು?” ನವ್ಯಶ್ರೀ ದೇವೇಂದ್ರನ ಕಡೆ ತಿರುಗಿದಳು.

ಅವನು ‘ಬೆಳೆಗಾರರ ಕಟ್ಟೆ’ ಎಂಬ ಆ್ಯಪ್ ನಡೆಸುತ್ತಿದ್ದ. ಒಬ್ಬರು ರೋಗದ ಬಗ್ಗೆ ಕೇಳುವರು, ಇನ್ನೊಬ್ಬರು ಉತ್ತರ ಕೊಡುವರು. ಉತ್ತರ ಸರಿ ಕಂಡರೆ ಹೆಬ್ಬೆರಳು ಮೇಲೆ, ಇಲ್ಲದಿದ್ದರೆ ಕೆಳಗೆ. ಮೇಲಿನ ಓಟು ಕೂಡುತ್ತ ಹೋದವರ ಹೆಸರಿನ ಪಕ್ಕ ಹಸಿರೆಲೆ ಬೀಳುತ್ತದೆ. ಹಸಿರೆಲೆಯವರ ಮಾತನ್ನು ಬಿಸಿಲೆಯಿಂದ ಆಲೂರಿನವರೆಗೂ ಕೇಳುತ್ತಾರೆ.

“ಇದರಲ್ಲಿ ಯಾರ ಜೊತೆಗಾದ್ರೂ ಜಗಳ?”

“ಜಗಳ ಅಂತಲ್ಲ. ಹೆಗ್ಗದ್ದೆಯ ಒಬ್ಬಮ್ಮ, ಮಂಜುಶ್ರೀ ಅಂತ. ಹಾಕಿದ ಓಟು ವಾಪಸ್ ಕೊಡಿ ಅಂತ ಪ್ರಾಣ ತಿಂತಿದ್ರು.” ಫೋನ್ ತೋರಿಸಿದ. ಒಂಬತ್ತು ಸಂದೇಶಗಳಿದ್ದವು. ಕೊನೆಯದು ಸೋಮವಾರ ಬಂದದ್ದು: ‘ಅಣ್ಣಾ, ಕತ್ತಿ ತಂದು ತೋರಿಸ್ತೀನಿ. ಆಮೇಲಾದ್ರೂ ಕೊಡಿ.’

“ಕೊಡೋಕೇನು?”

“ಮೊದಲು ಕೊಡ್ತಿದ್ವಿ. ದಾಯಾದಿಗಳ ನಡುವೆ ಜಗಳ ಆದಾಗೆಲ್ಲ ಹಳೇ ಓಟು ಕಿತ್ಕೊಳೋರು, ರಾಜಿ ಆದ್ರೆ ಮತ್ತೆ ಹಾಕೋರು. ಮಕ್ಕಳಾಟ ಆಗೋಯ್ತು. ಈಗ ಹತ್ತೇ ನಿಮಿಷ, ಆಮೇಲೆ ಬೀಗ. ಉತ್ತರ ಬರೆದೋರು ಅದನ್ನ ತಿದ್ದಿದ್ರೆ ಮಾತ್ರ ಬೀಗ ಬಿಡ್ತದೆ.”

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಹೆಗ್ಗದ್ದೆ ತಲುಪಿತು. ಮಂಜುಶ್ರೀಗೆ ನಲವತ್ತರ ಮೇಲೆ. ಪೊಲೀಸರನ್ನು ಕಂಡವಳೇ ಒಳಗೆ ಹೋಗಿ, ಟವಲು ಸುತ್ತಿದ ಲ್ಯಾಪ್‌ಟಾಪನ್ನು ಅಕ್ಕಿ ಡ್ರಮ್ಮಿನಿಂದ ತೆಗೆದು ತಂದಳು.

“ಒಡೆದಿಲ್ಲ ಮೇಡಂ. ತೆಗೆಯೋಕೇ ಬರ್ಲಿಲ್ಲ. ಏನೋ ಗುಟ್ಟಿನ ಸಂಖ್ಯೆ ಕೇಳ್ತದೆ.”

“ಯಾಕೆ ತಂದೆ?”

“ಕತ್ತಿ ತೋರಿಸೋಕೆ ಹೋದ್ರೆ ಅಂಗಡೀಲಿ ಯಾರೂ ಇರ್ಲಿಲ್ಲ, ಅದನ್ನ ಅಲ್ಲೇ ಇಟ್ಟು ಇದನ್ನ ತಂದೆ. ಓಟು ಅದರೊಳಗೆ ತಾನೆ ಇರೋದು? ನಮ್ಮಪ್ಪ ಎಸ್ಟೇಟಲ್ಲಿ ರೈಟರ್ ಆಗಿದ್ರು. ಹಾಜರಿ ತಪ್ಪಾಗಿ ಬಿದ್ದಿದ್ರೆ ಪುಸ್ತಕ ತೆಗೆದು, ಗೀಟು ಹಾಕಿ, ಪಕ್ಕದಲ್ಲಿ ಸಹಿ ಮಾಡೋರು. ನಾನೂ ಹಂಗೇ ಗೀಟು ಹಾಕೋಣ ಅಂತ.”

ಚಲುವಯ್ಯ ನಿಟ್ಟುಸಿರುಬಿಟ್ಟ. “ಅದು ಪುಸ್ತಕ ಅಲ್ಲ ತಾಯಿ. ಓಟು ಇನ್ನೆಲ್ಲೋ ದೂರದ ಮೆಷಿನ್ನಲ್ಲಿರ್ತದೆ.”

ಅವಳು ಲ್ಯಾಪ್‌ಟಾಪನ್ನು ಅವನ ಕೈಗಿಟ್ಟಳು. ಆಮೇಲೆ ಜಗಲಿಯ ಮೇಲೆ ಕೂತಳು.

ಹೇಳಿಕೆ ಬರೆದುಕೊಂಡದ್ದು ಅಲ್ಲಿಯೇ. ಪಕ್ಕದ ಮನೆಯ ಕೆಂಚಮ್ಮ ಗಂಡ ಸತ್ತ ಮೇಲೆ ಒಬ್ಬರೇ ತೋಟ ನೋಡಿಕೊಂಡವರು, ಮಂಜುಶ್ರೀಗೆ ಬಳ್ಳಿ ಕಟ್ಟುವುದನ್ನು ಕಲಿಸಿದವರು. ಕಟ್ಟೆಯಲ್ಲಿ ಹಸಿರೆಲೆ ಇದ್ದವರು. ಜೂನ್‌ನಲ್ಲಿ ಅವರು ಬರೆದ ಅಳತೆಯಂತೆಯೇ ಮಂಜುಶ್ರೀಯ ಗಂಡ ಶಿವು ಔಷಧಿ ಹೊಡೆದ. ಎಲೆ ಸುಟ್ಟು ಬಳ್ಳಿಗಳೆಲ್ಲ ಒಣಗಿದವು. ‘ನಿಮ್ಮ ಕೆಂಚಕ್ಕನ ಮಾತು ಕೇಳಿ ತೋಟ ಹಾಳಾಯ್ತು’ ಎಂದ. ಆ ಸಿಟ್ಟಿಗೆ ಮಂಜುಶ್ರೀ ಹೆಬ್ಬೆರಳು ಕೆಳಗೆ ಒತ್ತಿದಳು. ಪಕ್ಕದ ಮನೆಯವಳೇ ಒತ್ತಿದ್ದಾಳೆ ಎಂದ ಮೇಲೆ ಸುಳ್ಳಿರಲಾರದು ಎಂದುಕೊಂಡು ಎಲ್ಲರೂ ಒತ್ತಿದರು. ವಾರದೊಳಗೆ ಹಸಿರೆಲೆ ಹೋಯಿತು. ಕೆಂಚಮ್ಮನ ಫೋನು ಮೂಕವಾಯಿತು, ಬಾಗಿಲೂ ಮುಚ್ಚಿತು.

“ಹೋದ ತಿಂಗಳು ನಮ್ಮ ಅಟ್ಟದ ಮೇಲೆ ಆ ಕತ್ತಿ ಸಿಕ್ತು. ನಮ್ಮನೆಯವರನ್ನ ಕೇಳಿದ್ರೆ, ಸುಣ್ಣ ಮುಗಿದಿತ್ತು ಕಣೇ, ಇದ್ದಷ್ಟೇ ಹಾಕ್ದೆ ಅಂದ್ರು. ಕತ್ತಿ ಕೆಂಪಾಗಿದ್ದು ನೋಡಿಯೂ ಹೊಡೆದಿದ್ರು ಮೇಡಂ. ನೋಡಿಯೂ!”

ನವ್ಯಶ್ರೀಯ ಪೆನ್ನು ನಿಂತಿತು. ವರ್ಷಗಳ ಹಿಂದೆ ಪಂಚಾಯ್ತಿಯಲ್ಲಿ ಅಣ್ಣನ ಮಾತು ನಂಬಿ, ‘ತಪ್ಪು ಅತ್ತಿಗೆಯದೇ’ ಎಂದಿದ್ದಳು ಅವಳೂ. ಅತ್ತಿಗೆ ಈಗ ಎಲ್ಲಿದ್ದಾಳೋ.

ಕಾನೂನಿನಲ್ಲಿ ಇಲ್ಲದಿದ್ದರೂ ಸಾಕ್ಷಿ ಹೇಳಿಕೆಯ ನೆಪದಲ್ಲಿ ಮಂಜುಶ್ರೀಯನ್ನೂ ಕರೆದುಕೊಂಡು ಕೆಂಚಮ್ಮನ ಮನೆಗೆ ಹೋದಳು. ಬಾಗಿಲು ಅರ್ಧ ತೆರೆಯಿತು. ನವ್ಯಶ್ರೀ ಎಲ್ಲವನ್ನೂ ಹೇಳಿದಳು. ಆ ಹಳೇ ಉತ್ತರದಲ್ಲಿ ಒಂದಕ್ಷರ ಬದಲಾಯಿಸಿದರೂ ಸಾಕು, ಬೀಗ ಬಿಡುತ್ತದೆ ಎಂದಳು.

“ಒಂದೇ ಒಂದಕ್ಷರ ಕೆಂಚಕ್ಕ,” ಮಂಜುಶ್ರೀ ಕೈಮುಗಿದಳು.

ಕೆಂಚಮ್ಮ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

“ಏನಂತ ತಿದ್ಲಿ ಮಂಜು? ಅಳತೆ ಸರಿಯಾಗೇ ಬರ್ದಿದ್ದೆ. ಈಗ ತಿದ್ದಿದ್ರೆ, ಮುದುಕಿ ತಪ್ಪು ಒಪ್ಕೊಂಡ್ಲು ಅಂತಾರೆ.” ಬಾಗಿಲು ಮುಂದೆ ಮಾಡುತ್ತ ಅಂದರು: “ನಿನ್ಮೇಲೆ ಸಿಟ್ಟಿಲ್ಲ ಕಣೇ. ನನ್ಕೈಲಿ ಆಗಲ್ಲ, ಅಷ್ಟೇ.”

ಮಧ್ಯಾಹ್ನ ಒಂದೂಕಾಲಿಗೆ ಮಂಜುಶ್ರೀಯ ದಸ್ತಗಿರಿಯಾಯಿತು. ಶಿವು ಅಂಗಳದಲ್ಲಿ ನಿಂತಿದ್ದ. ಅವನ ಕಡೆ ಅವಳು ತಿರುಗಲಿಲ್ಲ.

ಠಾಣೆಯಲ್ಲಿ ದೇವೇಂದ್ರ ಕಾಯುತ್ತಿದ್ದ. “ದೂರು ವಾಪಸ್ ತಗೋತೀನಿ ಮೇಡಂ. ಮಾಲು ಸಿಕ್ತಲ್ಲ.”

“ಎಫ್‌ಐಆರ್ ಆಗಿದೆ. ವಾಪಸ್ ತಗೊಳೋ ಗುಂಡಿ ನನ್ನ ಹತ್ರಾನೂ ಇಲ್ಲ ಕಣ್ರೀ. ಏನಿದ್ರೂ ಕೋರ್ಟಲ್ಲಿ ಹೇಳ್ಬೇಕು.”



ಕೃತ್ಯದ ಉದ್ದೇಶ ಎಂಬಲ್ಲಿ ನವ್ಯಶ್ರೀ ಬರೆದಳು: ‘ತಾನು ನೀಡಿದ್ದ ತಪ್ಪು ಅಭಿಪ್ರಾಯವನ್ನು ಹಿಂಪಡೆಯುವ ಸಲುವಾಗಿ.’ ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಅಂಥ ಸಾಲು ಬರೆದದ್ದು ಅದೇ ಮೊದಲು.

ಚಲುವಯ್ಯ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಕರಗಿಸುತ್ತಿದ್ದ.

“ಮೇಡಂ,” ಬೆಂಚಿನ ಮೇಲಿದ್ದ ಮಂಜುಶ್ರೀ ಎದ್ದು ನಿಂತಳು. “ಆ ಕತ್ತಿನಾದ್ರೂ ಕೆಂಚಕ್ಕನಿಗೆ ಕೊಡಿ. ಯಾರಾದ್ರೂ ಕೇಳಿದ್ರೆ ತೋರಿಸ್ತಾರೆ.”

“ಕೇಸು ಮುಗಿಯೋವರೆಗೂ ಕೊಡೋ ಹಂಗಿಲ್ಲಮ್ಮ,” ಎಂದಳು ನವ್ಯಶ್ರೀ. ಬಿಸಿ ಅರಗಿನ ಮೇಲೆ ಚಲುವಯ್ಯ ಮುದ್ರೆ ಒತ್ತಿದ.