ಇಪ್ಪತ್ತೈದನೆಯ ಕೂಗು

ಏಳನೇ ಹಾಸಿಗೆಯ ಮನುಷ್ಯ ಸತ್ತಿದ್ದು ಬೆಳಿಗ್ಗೆ ಹತ್ತು ನಲವತ್ತಕ್ಕೆ. ಆಗ ವಾರ್ಡಿನ ಗೋಡೆಯ ದೊಡ್ಡ ಫಲಕದಲ್ಲಿ ಇಪ್ಪತ್ತನಾಲ್ಕು ಹಸಿರು ದೀಪಗಳು ಉರಿಯುತ್ತಿದ್ದವು. ಏಳನೆಯದೂ ಹಸಿರೇ.

ಹಿರಿಯ ನರ್ಸ್ ಮಾತ್ರೆ ಕೊಡಲು ಪರದೆ ಸರಿಸಿದಳು. ಅವನ ತುಟಿ ನೀಲಿಗಟ್ಟಿತ್ತು. ತಲೆಯ ಬಳಿಯ ಮಾನಿಟರಿನಲ್ಲಿ ಗೆರೆ ಚಪ್ಪಟೆಯಾಗಿ ಮಲಗಿತ್ತು, ಮೂಲೆಯಲ್ಲಿ ಕೆಂಪು ಚುಕ್ಕೆ ಮಿಣುಕುತ್ತಿತ್ತು. ಸದ್ದಿಲ್ಲ. ಆ ವಾರ್ಡಿನಲ್ಲಿ ಮಾನಿಟರುಗಳು ತಾವಾಗಿ ಕೂಗುವುದಿಲ್ಲ. ಪಕ್ಕದವರ ನಿದ್ದೆ ಕೆಡಬಾರದೆಂದು ಎಚ್ಚರಿಕೆಯನ್ನು ತಂತಿಯಲ್ಲಿ ಫಲಕಕ್ಕೆ ಕಳಿಸುತ್ತವೆ. ಕೂಗುವುದು ಫಲಕದ ಕೆಲಸ.

ಫಲಕ ಕೂಗಿರಲಿಲ್ಲ.

* * *

ಕಂಪ್ಯೂಟರ್ ಅಪರಾಧಗಳ ಇನ್‌ಸ್ಪೆಕ್ಟರ್ ಹನ್ನೆರಡಕ್ಕೆ ಬಂದಳು. ಕಡಿಮೆ ಮಾತಿನ ಹೆಂಗಸು. ಕೇಳಿಸಿಕೊಳ್ಳುವಾಗ ಕಣ್ಣು ಮುಚ್ಚುವ ಅಭ್ಯಾಸ. ಎಲ್ಲರನ್ನೂ ಸಭೆಯ ಕೋಣೆಯಲ್ಲಿ ಕೂರಿಸಿದಳು. ಸರ್ವರ್ ಕೋಣೆಗೆ ಬೀಗ ಹಾಕಿಸಿದಳು. ಪ್ರತಿ ಎರಡು ಹಾಸಿಗೆಗೆ ಒಬ್ಬ ನರ್ಸ್ ನಿಲ್ಲಬೇಕೆಂದಳು.

"ಇದರಲ್ಲಿ ತನಿಖೆ ಏನು ಬಂತು?" ಆಸ್ಪತ್ರೆಯ ದೊಡ್ಡ ಡಾಕ್ಟರು ಸಿಡುಕಿದರು. "ಇವಳೇ ಫಲಕದ ಸೌಂಡ್ ಆಫ್ ಮಾಡಿದಾಳೆ. ನಾಲ್ಕಕ್ಕೆ ಸಮಿತಿ ಕೂರುತ್ತೆ. ಇವಳ ಲೈಸೆನ್ಸ್ ರದ್ದು."

"ಇಪ್ಪತ್ತೆರಡು ವರ್ಷ ಆಯ್ತು ನಾನು ಬಂದು," ಎಂದಳು ನರ್ಸ್. ಅಳಲಿಲ್ಲ. "ಆ ಗುಂಡಿ ಎಲ್ಲಿದೆ ಅಂತಾನೂ ನಂಗೆ ಗೊತ್ತಿಲ್ಲ."

ಹೊರಗಿನ ಬೆಂಚಿನ ಮೇಲೆ ಸತ್ತವನ ಹೆಂಡತಿ ಕೂತಿದ್ದಳು. ಬಾಗಿಲು ತೆರೆದಾಗಲೆಲ್ಲ ನರ್ಸನ್ನೇ ನೋಡುತ್ತಿದ್ದಳು. ನರ್ಸ್ ಮಾತ್ರ ಆ ಕಡೆ ಮುಖ ತಿರುಗಿಸಿರಲಿಲ್ಲ.

ಇನ್‌ಸ್ಪೆಕ್ಟರ್ ಫಲಕ ನೋಡಿದಳು. ಸದ್ದು ಪೂರ್ತಿ ಏರಿಸಿಯೇ ಇತ್ತು. ಆದರೆ ಏಳನೇ ಹಾಸಿಗೆಯಿಂದ ಎಚ್ಚರಿಕೆ ಬಂದ ದಾಖಲೆಯೇ ಇರಲಿಲ್ಲ. ಮಾನಿಟರಿನ ನೆನಪಿನಲ್ಲಿ ಬೇರೆಯೇ ಕಥೆ. ಹತ್ತು ಇಪ್ಪತ್ತೊಂಬತ್ತರಿಂದ ಐದು ಸೆಕೆಂಡಿಗೊಮ್ಮೆ ಎಚ್ಚರಿಕೆ. ಹನ್ನೊಂದು ನಿಮಿಷ. ನೂರ ಮೂವತ್ತೆರಡು ಸಲ.

ಕಳಿಸಿದ್ದು ನಿಜ. ತಲುಪದಿದ್ದುದೂ ನಿಜ.

"ಹಾಗಾದ್ರೆ ಇವನು," ಡಾಕ್ಟರ ಬೆರಳು ತಿರುಗಿತು. "ಬೆಳಿಗ್ಗೆ ಚಾವಣಿ ಬಿಚ್ಚಿದ್ದು ಇವನೇ."

ತಂತಿ ಎಳೆಯುವ ಮುದುಕ ಎದ್ದು ನಿಂತ. ಆಸ್ಪತ್ರೆಗೆಲ್ಲ ಅವನು ಕೇಬಲ್ ಮಾವ. "ನಾನು ಬದಲಾಯಿಸಿದ್ದು ಒಂದು ಬಲ್ಬು ತಾಯಿ. ಬಲ್ಬು ಹಾಕಿದ್ರೆ ಜೀವ ಹೋಗುತ್ತಾ?"

"ಕೂತ್ಕೊಳಿ ಮಾವ," ಎಂದಳು ಇನ್‌ಸ್ಪೆಕ್ಟರ್. "ತಂತಿ ತುಂಡಾಗಿದ್ರೆ ಹಸಿರು ದೀಪವೂ ಆರಬೇಕಿತ್ತು. 'ನಾನಿದ್ದೀನಿ' ಅಂತ ನಿಮಿಷಕ್ಕೊಮ್ಮೆ ಬರೋ ಸುದ್ದಿ ಅದೇ ತಂತಿಯಲ್ಲಿ ಬಂದಿದೆ. 'ಸಾಯ್ತಿದ್ದೀನಿ' ಅನ್ನೋ ಸುದ್ದಿ ಮಾತ್ರ ಬಂದಿಲ್ಲ."

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡ. ವಿಭಾಗದ ಎಲ್ಲರಿಗೂ ಕೆಲಸ ಕಲಿಸಿದವನು, ಹಾಗಾಗಿ ಮೇಷ್ಟ್ರು. "ಮೇಡಂ, ಇಂಥದ್ದಕ್ಕೆಲ್ಲ ಒಂದೇ ಮದ್ದು. ಕಾವಲು ಸರ್ವರನ್ನ ಒಂದ್ಸಲ ರೀಸ್ಟಾರ್ಟ್ ಮಾಡಿಬಿಡಿ. ರೋಗಿಗಳಿಗೂ ಕ್ಷೇಮ."

"ಯಾರೂ ಏನೂ ಮುಟ್ಟಬಾರದು."

"ನಾನು ಒಳ್ಳೇದಕ್ಕೇ ಹೇಳಿದ್ದು."

"ಕೇಳಿಸ್ತು."

* * *

ಸರ್ವರ್ ಕೋಣೆಗೆ ಅವಳು ಕೇಬಲ್ ಮಾವನನ್ನು ಕರೆದೊಯ್ದಳು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಬಲ್ಲವನು ಅವನೊಬ್ಬನೇ.

ವಾರ್ಡಿಗೂ ಫಲಕಕ್ಕೂ ನಡುವೆ ಒಂದು ಕಾವಲು ಸರ್ವರ್. ಅದರ ನಿಯಮಗಳ ಪಟ್ಟಿ ಓದಿದಳು. ಶುದ್ಧ. ಡಿಸ್ಕ್ ಹುಡುಕಿದಳು. ಅಲ್ಲೂ ಶುದ್ಧ. ಕೊನೆಗೆ ಕರ್ನಲ್ಲಿಗೆ ಇಳಿದಳು.

"ಅದೇನು ತಾಯಿ?"

"ಯಂತ್ರದ ತಿರುಳು. ಬರೋ ಹೋಗೋ ಸುದ್ದಿಯ ಪ್ರತಿ ಪ್ಯಾಕೆಟ್ ಇಲ್ಲೇ ಹಾಯಬೇಕು. ಇಲ್ಲೊಂದು ಪುಟ್ಟ ಪ್ರೋಗ್ರಾಂ ಕೂರಿಸಿದ್ರೆ, ಯಾವುದು ಒಳಗೆ, ಯಾವುದು ಹೊರಗೆ ಅಂತ ಅದೇ ತೀರ್ಮಾನ ಮಾಡುತ್ತೆ." ಬೆರಳು ನಿಂತಿತು. "ಸಿಕ್ತು."

ಅಂಗೈಯಗಲದ ಪ್ರೋಗ್ರಾಂ. ಒಂಬತ್ತು ಐವತ್ತೊಂದಕ್ಕೆ ಕೂರಿಸಿದ್ದು. ಕ್ಷೇಮಸುದ್ದಿಯ ಪ್ಯಾಕೆಟ್ ಬಿಡು, ಎಚ್ಚರಿಕೆಯದನ್ನು ನುಂಗು. ಅಷ್ಟೇ. ಡಿಸ್ಕಿನಲ್ಲಿಲ್ಲ, ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇತ್ತು. ರೀಸ್ಟಾರ್ಟ್ ಮಾಡಿದ್ದರೆ ಗುರುತೂ ಉಳಿಯುತ್ತಿರಲಿಲ್ಲ.

ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು.

"ಕೂರಿಸಿದ್ದು 'ಅಡ್ಮಿನ್' ಹೆಸರಲ್ಲಿ. ಆ ಹೆಸರಲ್ಲಿ ಯಾರು ಬರ್ತಾರೆ?"

"ಎಲ್ಲರೂ ತಾಯಿ. ನಾನೂ ಬರ್ತೀನಿ. ಪಾಸ್‌ವರ್ಡ್ ಗೋಡೆ ಮೇಲೇ ಅಂಟಿಸಿದೆಯಲ್ಲ."

ಅಂಟಿಸಿತ್ತು. ಹೂವಿನ ಚಿತ್ರದ ಚೀಟಿಯಲ್ಲಿ.

"ಊರಿಗೆಲ್ಲ ಒಂದೇ ಬೀಗದಕೈ ಆದ್ರೆ ಕಳ್ಳನ್ನ ಹಿಡಿಯೋದು ಹೇಗೆ?" ಎಂದ ಮುದುಕ.

"ಇದು ನುಂಗಿ ಸುಮ್ಮನಿರುತ್ತೆ, ಅದೇ ಇದರ ಪಾಪ. ಕಾಗದ ತಲುಪದಿದ್ರೆ ಅಂಚೆಯವನು 'ತಲುಪಲಿಲ್ಲ' ಅಂತ ವಾಪಸ್ ತಂದುಕೊಡಬೇಕು. ಇವನು ಬಾವಿಗೆ ಎಸೀತಾನೆ. ಕಳಿಸಿದವರು ಕಾಯ್ತಾ ಕೂರ್ತಾರೆ." ಅವಳು ಪ್ರೋಗ್ರಾಮಿನ ಪ್ರತಿ ತೆಗೆದು ಭದ್ರಮಾಡಿದಳು. ಆಮೇಲೆ ಕೀಲಿಮಣೆ ಎಳೆದುಕೊಂಡಳು. "ಇದಕ್ಕೆ ಬಾಯಿ ಕೊಡ್ತೀನಿ. ನುಂಗೋದು ನುಂಗಲಿ. ಆದರೆ ನುಂಗಿದ ಪ್ರತಿಯೊಂದಕ್ಕೂ, ಕಳಿಸಿದವರ ವಿಳಾಸಕ್ಕೇ ಒಂದು ದೋಷಸಂದೇಶ ಹೋಗಬೇಕು. 'ನಿಮ್ಮದನ್ನ ಇಲ್ಲಿ ತಡೆದಿದ್ದಾರೆ' ಅಂತ. ಯಾರ್ಯಾರಿಗೆ ಹೋಯ್ತು ಅನ್ನೋದು ಈ ಪರದೆ ಮೇಲೆ ಬರುತ್ತೆ."

"ಅಷ್ಟರಲ್ಲಿ ವಾರ್ಡಿನವರ ಗತಿ?"

"ಪಕ್ಕದಲ್ಲಿ ನರ್ಸ್ ಇದಾರೆ. ಅಲ್ಲದೆ ದೋಷಸಂದೇಶ ಸಿಕ್ಕಿದ್ರೆ ಮಾನಿಟರ್ ತಾನೇ ಬಾಯಿಬಿಟ್ಟು ಕೂಗುತ್ತೆ, ಅದನ್ನ ಮಾಡಿರೋದೇ ಹಾಗೆ. ಬೆಳಿಗ್ಗೆ ಯಾರಾದ್ರೂ ಅದಕ್ಕೆ ಒಂದು ಮಾತು ಹೇಳಿದ್ರೆ ಆ ಮನುಷ್ಯ ಉಳೀತಿದ್ದ."

* * *

ಮೂರು ಗಂಟೆಗೆ ಸಿದ್ಧವಾಯಿತು. ಅವಳು ಫೋನಿನಲ್ಲಿ ಹೇಳಿದಳು. ವಾರ್ಡಿನಲ್ಲಿ ನರ್ಸುಗಳು ಒಂದೊಂದಾಗಿ ಪ್ರತಿ ಮಾನಿಟರಿನ ಪರೀಕ್ಷಾ ಗುಂಡಿ ಒತ್ತಿದರು.

ಒಂದನೇ ಹಾಸಿಗೆ ಕಿರುಚಿತು. ಎರಡನೆಯದು ಕಿರುಚಿತು. ಸರ್ವರ್ ಕೋಣೆಯವರೆಗೂ ಕೇಳಿಸಿತು. ಪರದೆಯ ಮೇಲೆ ವಿಳಾಸಗಳು ಸಾಲುಗಟ್ಟಿದವು. ಮಾವ ಬೆರಳು ಮಡಚಿ ಎಣಿಸಿದ.

"ಇಪ್ಪತ್ತಮೂರು... ಇಪ್ಪತ್ತನಾಲ್ಕು. ಮುಗೀತು ತಾಯಿ."

ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು.

"ಇಪ್ಪತ್ತೈದು," ಎಂದಳು ಅವಳು.

"ವಾರ್ಡಿನಲ್ಲಿ ಇಪ್ಪತ್ತೈದು ಹಾಸಿಗೆ ಇಲ್ಲವಲ್ಲ!"

ಸರಿಯಾಗಿ ಒಂದು ನಿಮಿಷ. ಅದೇ ವಿಳಾಸ ಮತ್ತೆ. ಇನ್ನೊಂದು ನಿಮಿಷ. ಮತ್ತೆ.

ಮಾವ ಜೇಬಿನಿಂದ ಎಣ್ಣೆ ಕಲೆ ಹಿಡಿದ ತಂತಿಗಳ ಲೆಕ್ಕದ ಪುಸ್ತಕ ತೆಗೆದು ಆ ವಿಳಾಸದ ಸಾಕೆಟ್ ಹುಡುಕಿದ. ಸಿಕ್ಕಿದಾಗ ಮುಖ ಇಳಿಯಿತು.

"ಈ ತಂತಿ ಎಳೆದದ್ದು ನಾನೇ," ಎಂದ ಮೆಲ್ಲಗೆ. "ಬನ್ನಿ, ತೋರಿಸ್ತೀನಿ. ಹೆಸರು ನನ್ನ ಬಾಯಲ್ಲಿ ಬೇಡ."

* * *

ಎರಡನೇ ಮಹಡಿ, ಕಿಟಕಿಯ ಪಕ್ಕದ ಮೇಜು. ಇನ್‌ಸ್ಪೆಕ್ಟರ್ ಎಲ್ಲರನ್ನೂ ಅಲ್ಲಿಗೇ ಕರೆಸಿದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

"ಮೇಷ್ಟ್ರೇ, ಪಾಸ್‌ವರ್ಡ್ ಹಾಕಿ. ಇದು ಗೋಡೆ ಮೇಲಿಲ್ಲ ಅಲ್ವಾ?"

ಮೇಷ್ಟ್ರ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಪರದೆ ತೆರೆಯಿತು. ಒಂದು ಕಪ್ಪು ಕಿಟಕಿ, ಅದರ ತುಂಬ ಸಾಲುಗಳು. ಅವಳು ಗಟ್ಟಿಯಾಗಿ ಓದಿದಳು.

"ಒಂಬತ್ತು ಐವತ್ತೆರಡು: ಉತ್ತರವಿಲ್ಲ, ಸರಿ. ಒಂಬತ್ತು ಐವತ್ತಮೂರು: ಉತ್ತರವಿಲ್ಲ, ಸರಿ. ಹತ್ತು ನಲವತ್ತು: ಉತ್ತರವಿಲ್ಲ, ಸರಿ." ಒಂದು ಉಸಿರು ಬಿಟ್ಟಳು. "ಮೂರು ಗಂಟೆ: ತಡೆಯಲಾಗಿದೆ."

"ಅದು... ಸುಮ್ನೆ ನೆಟ್‌ವರ್ಕ್ ಪರೀಕ್ಷೆ ಮೇಡಂ. ದಿನಾ ಮಾಡ್ತೀವಿ."

"ದಿನಾ ಮಾಡೋ ಪರೀಕ್ಷೆಯಲ್ಲಿ ಉತ್ತರ ಬಂದ್ರೆ ಸರಿ ಅಂತ ಬರೀತಾರೆ. ನೀವು ಉತ್ತರ ಬರದಿದ್ರೆ ಸರಿ ಅಂತ ಬರೆದಿದ್ದೀರಿ. ಫಲಕಕ್ಕೆ ನಿಮಿಷಕ್ಕೊಂದು ಸುಳ್ಳು ಎಚ್ಚರಿಕೆ ಕಳಿಸಿ, ಅದು ತಲುಪ್ತಾ ಇಲ್ಲ ಅಂತ ಖಾತ್ರಿ ಮಾಡ್ಕೊಂಡಿದ್ದೀರಿ. ನಿಮಗೆ ಬೇಕಾಗಿದ್ದದ್ದು ಮೌನ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಾನಂತೆ. ನೀವು ಯಾರೂ ಅನ್ನೋ ಮೊದಲೇ ನಿಮಿಷಕ್ಕೊಮ್ಮೆ ಮುಟ್ಟಿ ನೋಡ್ಕೊಂಡಿದ್ದೀರಿ. ಒಳ್ಳೆ ಕೆಲಸಗಾರ ತಾನು ಹಾಕಿದ ಬೀಗ ಎಳೆದು ನೋಡದೆ ಇರಲ್ಲ. ಅದನ್ನ ನಿಲ್ಲಿಸೋಕೆ ಮೇಜಿಗೆ ಬರಬೇಕಿತ್ತು, ನಾನು ಬಿಡಲಿಲ್ಲ. ಪ್ರೋಗ್ರಾಮಿನ ಗುರುತಾದ್ರೂ ಅಳಿಸಲಿ ಅಂತ ರೀಸ್ಟಾರ್ಟ್ ಮಾಡಿ ಅಂದ್ರಿ."

ಮೇಷ್ಟ್ರು ಕುರ್ಚಿ ಹಿಡಿದು ಕೂತ. "ಹತ್ತಕ್ಕೆ ತಪಾಸಣೆಯವರು ಬರೋರಿದ್ರು. ಫಲಕ ದಿನಕ್ಕೆ ಇನ್ನೂರು ಸಲ ಸುಳ್ಳೇ ಬಡ್ಕೊಳ್ಳುತ್ತೆ. ಕಳೆದ ಸಲ ಅದಕ್ಕೇ ನಮ್ಮ ವಿಭಾಗಕ್ಕೆ ಛೀಮಾರಿ. ಒಂದು ಗಂಟೆ ಅಷ್ಟೇ ಅಂದ್ಕೊಂಡೆ. ಹನ್ನೊಂದಕ್ಕೆ ತೆಗೀತಿದ್ದೆ. ಅಷ್ಟರಲ್ಲಿ ಆ ಮನುಷ್ಯ ಹೋಗಿ, ಎಲ್ಲರನ್ನೂ ವಾರ್ಡಿಗೆ ಕರೆಸಿಬಿಟ್ರು."

"ಯಾರು ಹೇಳಿದ್ರು ಮಾಡೋಕೆ?"

ಅವನು ದೊಡ್ಡ ಡಾಕ್ಟರ ಕಡೆ ನೋಡಿದ. ಡಾಕ್ಟರ ಮುಖ ಸುಣ್ಣವಾಯಿತು. "ಅದು ಬಾಯಿಬಿಡದ ಹಾಗೆ ನೋಡ್ಕೋ ಅಂದಿದ್ದೆ... ಮಾತಿಗೆ ಅಂದಿದ್ದು."

"ಆ ಮಾತನ್ನ ಸ್ಟೇಷನ್‌ನಲ್ಲಿ ಬರ್ಕೊಡಿ," ಎಂದಳು ಇನ್‌ಸ್ಪೆಕ್ಟರ್. "ಇಬ್ಬರೂ ನಡೀರಿ. ಸಮಿತಿಗೆ ಹೇಳಿ ಕಳಿಸಿ, ಇವತ್ತು ಈ ನರ್ಸಿನ ವಿಚಾರಣೆ ಇಲ್ಲ. ಮುಂದೆಯೂ ಇಲ್ಲ."

ಕಾವಲು ಸರ್ವರಿನಿಂದ ಆ ಪ್ರೋಗ್ರಾಂ ತೆಗೆದದ್ದು ನಾಲ್ಕು ಗಂಟೆಗೆ.

"ನೀವಿನ್ನು ಮನೆಗೆ ಹೋಗಿ ಅಕ್ಕಾ," ಎಂದಳು ಇನ್‌ಸ್ಪೆಕ್ಟರ್. "ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ನೀವು."

"ಎಷ್ಟು ಸಲ ಕೂಗಿತ್ತು ಅಂದ್ರಿ?"

"ನೂರ ಮೂವತ್ತೆರಡು."

ನರ್ಸ್ ಮೆಟ್ಟಿಲಿಳಿದಳು. ಸೀದಾ ಬೆಂಚಿನ ಮುಂದೆ ಹೋಗಿ ನಿಂತಳು. ಆ ಹೆಂಗಸು ತಲೆಯೆತ್ತಿದಳು.

"ಅಮ್ಮಾ, ನಿಮ್ಮ ಯಜಮಾನರ ಯಂತ್ರ ನನ್ನನ್ನ ಕರೆದಿತ್ತು. ನೂರ ಮೂವತ್ತೆರಡು ಸಲ. ನನಗೆ ಕೇಳಿಸದ ಹಾಗೆ ಮಾಡಿದ್ರು. ಕೇಳಿಸಿದ್ರೆ ಓಡಿ ಬರ್ತಿದ್ದೆ."

ಹೆಂಗಸು ಮಡಿಲಲ್ಲಿದ್ದ ಗಂಡನ ಬಟ್ಟೆಯ ಚೀಲವನ್ನು ಕೆಳಗಿಟ್ಟು, ಬೆಂಚಿನ ಮೇಲೆ ನರ್ಸಿಗೆ ಜಾಗವಾಗುವಂತೆ ಒಂದಿಷ್ಟು ಸರಿದು ಕೂತಳು.