ಕುರ್ಚಿಯಿಂದ ಎದ್ದವಳು

"ಒಳಗೇ ಹಾಸಿಗೆ ಹಾಸಿಕೊಡ್ಲೇನೇ?" ಅತ್ತೆ ಪಾಯಿಖಾನೆಯ ಬಾಗಿಲು ಬಡಿದಳು. "ಅಂಗಡೀಲಿ ಬಟ್ಟೆ ರಾಶಿ ಬಿದ್ದಿದೆ. ಮಹಾರಾಣಿಗೆ ಬೆಳಗಿಂದ ಇದೇ ಕೆಲಸ."

ಒಳಗೆ ಸೊಸೆ ಗೋಡೆ ಹಿಡಿದು ಕೂತಿದ್ದಳು. ಕರುಳಿನ ಹುಣ್ಣು ಮತ್ತೆ ಕೆರಳಿ ರಕ್ತ ಹೋಗುತ್ತಿತ್ತು. ಮೈಯೆಲ್ಲ ಸೊರಗಿದ್ದರೂ ಮಾತ್ರೆಗಳಿಂದ ಕೆನ್ನೆ ಮಾತ್ರ ಊದಿಕೊಂಡಿತ್ತು... ಆ ಕೆನ್ನೆಯೇ ಅವಳಿಗೆ ಶತ್ರು. "ರೋಗದವಳ ಮುಖ ಹೀಗಿರುತ್ತಾ?" ಎಂದು ಅತ್ತೆ ಇಸ್ತ್ರಿ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಅಂದು ಆಸ್ಪತ್ರೆಯಲ್ಲಿ ಅವಳ ಶಕ್ತಿ ಅಳೆಯುವವರಿದ್ದರು. ದೇಹ ತೀರಾ ಸೋತಿದ್ದರೆ ದಾಖಲು ಮಾಡಿಕೊಂಡು, ಚೇತರಿಸಿದ ಮೇಲೆ ಆಪರೇಷನ್. ಇಲ್ಲದಿದ್ದರೆ ಮಾತ್ರೆ ಕೊಟ್ಟು ಮನೆಗೆ. ಜೊತೆಗೆ ಅತ್ತೆಯೇ ಬಂದಳು.

ನರ್ಸ್ ಕೈಬಲ ಅಳೆಯುವ, ಮುಳ್ಳಿನ ಮಾಪಕವಿದ್ದ ಒಂದು ಹಿಡಿಯನ್ನು ಕೈಗಿಟ್ಟು, "ಬಲವಾಗಿ ಹಿಸುಕಮ್ಮ" ಎಂದಳು. ಮುಳ್ಳು ಅಲುಗಿತು, ಅಷ್ಟೆ. ಆಮೇಲೆ ಕೈಕಟ್ಟಿಕೊಂಡು ಕುರ್ಚಿಯಿಂದ ಏಳಬೇಕು, ಕೂರಬೇಕು. ಒಮ್ಮೆ ಎದ್ದಳು. ಮತ್ತೆ ಏಳಹೋಗಿ ಕುಸಿದಳು.

"ಸಾಕು ತಾಯಿ, ಎಷ್ಟು ಸೋತುಹೋಗಿದ್ದೀಯ. ಇವತ್ತೇ ಅಡ್ಮಿಟ್ ಆಗ್ಬೇಕು. ಡಾಕ್ಟರನ್ನ ಕರೀತೀನಿ."

ತನ್ನನ್ನು ನಂಬುವವರೂ ಇದ್ದಾರೆ... ಸೊಸೆಯ ಕಣ್ಣು ತುಂಬಿತು. ನರ್ಸ್ ಹೊರಗೆ ಹೋದದ್ದೇ ತಡ, ಅತ್ತೆ ಬಾಗಿ ಅವಳ ಕೂದಲು ಸರಿಮಾಡಿದಳು.

"ಮಲಕ್ಕೋ, ಯಾರು ಬೇಡ ಅಂದ್ರು? ನಾಳೆಯಿಂದ ನಿನ್ನ ಮಗಳು ಸ್ಕೂಲು ಬಿಟ್ಟು ಇಸ್ತ್ರಿ ಮೇಜಿಗೆ ನಿಲ್ತಾಳೆ. ಕೈ ಸುಟ್ಕೊಂಡಾದ್ರೂ ಕಲೀಲಿ."

"ಅವಳಿನ್ನೂ ಮಗು, ಅತ್ತೆ..."

"ಬಟ್ಟೆಗೇನು ಗೊತ್ತು, ತಿಕ್ಕಿದ್ದು ಮಗುನೋ ಮುದುಕಿನೋ ಅಂತ?"

"ನಿಮ್ಮ ಮಗ ಒಪ್ತಾರಾ?"

"ಅವನಿಗೆ ಬಾಯಿ ಇದ್ದಿದ್ರೆ ನೀನು ಹೀಗಿರ್ತಿದ್ದ್ಯಾ?"

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರು ಒಳಗೆ ಬಂದರು.

"ಇನ್ನೊಂದ್ ಸಲ ಅಳೀರಿ ಡಾಕ್ಟ್ರೇ. ಹೊಟ್ಟೆಗೇನೂ ತಿಂದಿರ್ಲಿಲ್ಲ, ತಲೆ ಸುತ್ತಿತ್ತು," ಎಂದಳು ಸೊಸೆ.

ಎದೆಯ ಮೇಲೆ ಕೈಕಟ್ಟಿಕೊಂಡು ಎದ್ದಳು. ಕೂತಳು. ಮತ್ತೆ ಎದ್ದಳು. ಒಳಗೆ ಕರುಳನ್ನು ಯಾರೋ ಹಿಂಡುತ್ತಿದ್ದರು; ಬಟ್ಟೆ ಬಿಸಿಯಾಗಿ ಒದ್ದೆಯಾಯಿತು. ತುಟಿ ಕಚ್ಚಿ, ಮಗಳ ಕೈಯನ್ನು ಯಾರೋ ಎಳೆದೊಯ್ಯುತ್ತಿದ್ದಾರೆ ಎಂಬಂತೆ ಆ ಹಿಡಿಯನ್ನು ಹಿಸುಕಿದಳು. ಮುಳ್ಳು ಏರಿತು.

"ಸರ್, ಈಗಷ್ಟೇ ಇವಳಿಗೆ ಏಳೋಕೇ ಆಗಿರ್ಲಿಲ್ಲ," ಎಂದಳು ನರ್ಸ್.

"ನಿಜ ಹೇಳಮ್ಮ. ಅಡ್ಮಿಟ್ ಆಗ್ತೀಯಾ?" ಡಾಕ್ಟರು ಕೇಳಿದರು.

"ಬೇಡ. ನಾನು ಗಟ್ಟಿ ಇದ್ದೀನಿ."

ಡಾಕ್ಟರು ಅದೇ ಮಾತ್ರೆಗಳನ್ನು ಮುಂದುವರಿಸಿದರು.

ಸಂಜೆ ಮಗಳು ಶಾಲೆಯಿಂದ ಬರುವಷ್ಟರಲ್ಲಿ ಅಜ್ಜಿಯ ವರದಿ ಬೀದಿ ತುಂಬ ಹರಡಿತ್ತು. ಹುಡುಗಿ ಇಸ್ತ್ರಿ ಮೇಜಿನ ಮುಂದೆ ಬಂದು ನಿಂತಳು.

"ಅಮ್ಮ, ನಿಂಗೇನೂ ಆಗಿಲ್ವಂತೆ. ಮತ್ತೆ ದಿನಾ ಯಾಕೆ ಮಲಗ್ತಿದ್ದೆ? ಅಜ್ಜಿ ಒಬ್ರೇ ಬಟ್ಟೆ ಮಡಚ್ತಿದ್ರು."

ತಾಯಿ ತಲೆಯೆತ್ತಲಿಲ್ಲ. ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ನಿಧಾನವಾಗಿ ಸರಿಯಿತು.

"ಸೋಮಾರಿತನ, ಮಗಳೇ... ಹೋಗು, ಓದ್ಕೋ."

ಮಗಳು ಮುಖ ತಿರುಗಿಸಿ ಹೋಗಿ, ಅಜ್ಜಿಗೆ ಒತ್ತಿಕೊಂಡು ಕೂತು ಪುಸ್ತಕ ತೆರೆದಳು.